ನೆಲದಿಂದ ನೀರು ಏಳುತ್ತಿದೆಯಾ? ಮನೆಗೂ ಒಂದು ಬಸಿಗಾಲುವೆ ಬೇಕು

ಪುನರ್ವಸು ಮಳೆ ಹಿಡಿದು ನಾಲ್ಕೈದು ದಿನ ಆಗಿರುತ್ತದೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗುವಾಗ ಅಂಗಾಲಿಗೆ ತಣ್ಣಗೆ ಏನೋ ತಾಗುತ್ತದೆ. ಮಾಡು ಸೋರಿತಾ ಎಂದು ಮೇಲೆ ನೋಡಿದರೆ ಹಂಚು ಸರಿಯಾಗಿಯೇ ಇದೆ. ಬಗ್ಗಿ ನೋಡಿದರೆ ಟೈಲ್ಸಿನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ನೀರಿನ ಮಣಿಗಳು ಸಾಲಾಗಿ ಕೂತಿವೆ. ಒರೆಸಿ, ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಅದೇ ಸಂದಿಯಲ್ಲಿ ಮತ್ತೆ ಅವೇ ಮಣಿಗಳು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಗುಡ್ಡದ ಮಗ್ಗುಲಿಗೆ ಮನೆ ಕಟ್ಟಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಅಲ್ವಾ?

ನಮ್ಮ ಮನೆ ತೀರ್ಥಹಳ್ಳಿ ಕಡೆಯದು. ಹಿಂದೆ 7 ಅಡಿ ಎತ್ತರದ ಧರೆ, ಅಂದರೆ ಗುಡ್ಡ ಕಡಿದಲ್ಲಿ ನೆಟ್ಟಗೆ ನಿಂತ ಮಣ್ಣಿನ ಗೋಡೆ, ಅದರ ಮೇಲೆ ಗುಡ್ಡ. ಮೂರು ಮಳೆಗಾಲ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡೇ ಕಳೆದೆವು. ಹಲಗೆ ಮೇಲೆ ಜೋಡಿಸಿಟ್ಟ ಅಡಿಕೆ ಚೀಲಗಳಲ್ಲೂ ಕೆಳಗಿನ ಸಾಲಿಗೆ ಬೂಸು ಬಂತು. ಒಬ್ಬ ಮೇಸ್ತ್ರಿ ಬಂದು, "ಕೆಮಿಕಲ್ ಹೊಡೆದ್ರೆ ಆಯ್ತು, ಬಿಡಿ ಅಣ್ಣಾ" ಎಂದು ನೆಲಕ್ಕೆ ಎರಡು ಕೋಟಿಂಗ್ ಬಳಿದು ಹೋದ. ಮುಂದಿನ ಆಷಾಢದಲ್ಲಿ ಅದು ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಕೊನೆಗೆ ದಾರಿ ತೋರಿಸಿದ್ದು ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹಿರಿಯರು. "ಅಡಿಕೆ ಮರದ ಬೇರು ಕೊಳೀಬಾರ್ದು ಅಂತ ತೋಟಕ್ಕೆ ಬಸಿಗಾಲುವೆ ತೆಗೆಸ್ತೀರಿ. ಮನೆ ಬುಡಕ್ಕೆ ಯಾಕೆ ತೆಗೆಸಲ್ಲ?" ಎಂದು ಕೇಳಿದರು. ಮುಂದೆ ಬರೆಯುವುದೆಲ್ಲ ಆ ಮಾತಿನಿಂದ ಹುಟ್ಟಿದ್ದೇ.

ಕೆಲಸಕ್ಕೆ ಇಳಿಯುವ ಮೊದಲು ಕರೆಂಟಿನ ಬಗ್ಗೆ ಒಂದು ಮಾತು. ನೆಲ ಒದ್ದೆಯಾಗಿರುವ ಕೋಣೆಯಲ್ಲಿ ಫ್ರಿಜ್, ಗ್ರೈಂಡರ್, ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಇರಬಾರದು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಶಾಕ್ ಹೊಡೆಯುವ ಹಾಗಿದ್ದರೆ ಅದು ಕರೆಂಟನ್ನು ತಾನೇ ಕಡಿಯುತ್ತದೆ.

ನೀರು ಎಲ್ಲಿಂದ ಬರುತ್ತಿದೆ?

ಇದನ್ನು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೆಲ ಒದ್ದೆಯಾಗಲು ಕಾರಣ ಹಲವು. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲು ಪ್ಲಾಸ್ಟಿಕ್ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲವನ್ನು ಚೆನ್ನಾಗಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಹಾಳೆಯ ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಮರುದಿನ ಹಾಳೆಯ ಕೆಳಗೆ ಹನಿ ಕೂತಿದ್ದರೆ, ಅಥವಾ ಅಲ್ಲಿ ನೆಲದ ಬಣ್ಣ ಕಪ್ಪಾಗಿದ್ದರೆ, ನೀರು ನೆಲದೊಳಗಿಂದಲೇ ಬರುತ್ತಿದೆ. ಹಾಳೆಯ ಮೇಲ್ಗಡೆ ಮಾತ್ರ ಪಸೆ ಇದ್ದು ಕೆಳಗೆ ಒಣಗಿದ್ದರೆ ನೆಲ ಬೆವರುತ್ತಿದೆ, ಅಷ್ಟೇ. ಹೊರಗಿನ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ನೀರಾಗುತ್ತದೆ. ನುಣುಪಾದ ಟೈಲ್ಸಿನಲ್ಲಿ, ರೆಡ್ ಆಕ್ಸೈಡ್ ನೆಲದಲ್ಲಿ ಇದು ಎದ್ದು ಕಾಣುತ್ತದೆ. ಇದಕ್ಕೆ ಅಗೆತ ಬಗೆತ ಏನೂ ಬೇಡ. ಹೊರಗೆ ಮಬ್ಬು, ಸೆಕೆ ಇರುವ ಹೊತ್ತಿಗೆ ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಸಾಕು.

ಎರಡನೆಯದು ಹೊತ್ತಿನ ಲೆಕ್ಕ. ಜೋರು ಮಳೆ ಶುರುವಾದ ಒಂದೆರಡು ಗಂಟೆಯಲ್ಲೇ ಒಸರು ಬಂದು, ಮಳೆ ನಿಂತ ಅರ್ಧ ದಿನದಲ್ಲಿ ಆರಿದರೆ ಅದು ಮೇಲ್ಮೈ ನೀರು. ಸೂರಿನ ನೀರೋ ಅಂಗಳದ ನೀರೋ ಗೋಡೆ ಬುಡದಲ್ಲಿ ಇಂಗಿ ಒಳಗೆ ಬರುತ್ತಿದೆ. ಮಳೆ ಹಿಡಿದು ಮೂರು ದಿನ ಆದಮೇಲೆ ಶುರುವಾಗಿ, ಮಳೆ ಬಿಟ್ಟು ಹೊಳವು ಆದರೂ ವಾರಗಟ್ಟಲೆ ನಿಲ್ಲದಿದ್ದರೆ ಅದು ಗುಡ್ಡದ ಒರತೆ. ಮಳೆಗೂ ಅದಕ್ಕೂ ಸಂಬಂಧವೇ ಇಲ್ಲದೆ ಬೇಸಿಗೆಯಲ್ಲೂ ಒದ್ದೆ ಇದ್ದರೆ ನೆಲದಡಿಯ ಪೈಪು ಒಡೆದಿರಬಹುದು. ರಾತ್ರಿ ಎಲ್ಲ ನಲ್ಲಿ ಕಟ್ಟಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಪ್ಲಂಬರಿಗೆ ಫೋನ್ ಮಾಡಿ.

ಒಂದು ಸೀಮೆಸುಣ್ಣ ಇಟ್ಟುಕೊಳ್ಳಿ. ಒದ್ದೆ ಮೊದಲು ಕಾಣಿಸಿದ ಜಾಗದ ಸುತ್ತ ಗೆರೆ ಎಳೆದು ತಾರೀಕು ಬರೆಯಿರಿ. ನಮ್ಮಲ್ಲಿ ಮೊದಲ ಗುರುತು ಬಿದ್ದದ್ದು ಹಿಂದಿನ ಗೋಡೆಯ ಮೂಲೆಯಲ್ಲಿ. ನಾಲ್ಕು ದಿನದಲ್ಲಿ ಗೆರೆಗಳು ನಡುಮನೆಯವರೆಗೆ ಬಂದವು. ನೀರು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನೆಲವೇ ಬರೆದು ತೋರಿಸಿದ ಹಾಗಿತ್ತು. ಆ ಗೆರೆಗಳ ಫೋಟೋ ತೆಗೆದಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಕೆಲಸ ಮಾಡಿಸುವಾಗ ಬೇಕಾಗುತ್ತದೆ.

ಬೆಂಗಳೂರಿನಂಥ ಊರಿನ ತಗ್ಗು ಬಡಾವಣೆಯವರು ಇನ್ನೊಂದು ನೋಡಬೇಕು. ನೀರು ಬಚ್ಚಲಿನ ತೂತಿನಿಂದ ಉಕ್ಕುತ್ತಿದ್ದರೆ ಅದು ತುಂಬಿದ ಒಳಚರಂಡಿ ವಾಪಸ್ ತಳ್ಳುತ್ತಿರುವ ನೀರು. ಮನೆಯಿಂದ ಹೊರಹೋಗುವ ಪೈಪಿಗೆ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಹಾಕಿಸುವುದೇ ಅದಕ್ಕೆ ದಾರಿ. ಈ ಲೇಖನದ ಉಳಿದ ಭಾಗ ಆ ತೊಂದರೆಗೆ ಉಪಯೋಗಕ್ಕೆ ಬರುವುದಿಲ್ಲ.

ಒಳಗೆ ಬಳಿದದ್ದು ಯಾಕೆ ಏಳುತ್ತದೆ?

ನೆಲದಡಿಯ ನೀರು ಸುಮ್ನೆ ನಿಂತಿರುವುದಿಲ್ಲ, ಮೇಲಕ್ಕೆ ಒತ್ತುತ್ತದೆ. ನೆಲದ ಕಾಂಕ್ರೀಟಿನ ತಳಕ್ಕಿಂತ ಹೊರಗಿನ ಮಣ್ಣಿನಲ್ಲಿ ನೀರು 1 ಅಡಿ ಎತ್ತರಕ್ಕೆ ನಿಂತಿದ್ದರೆ ಪ್ರತಿ ಚದರ ಅಡಿಗೆ ಸುಮಾರು 28 ಕಿಲೋ ಒತ್ತಡ ಬೀಳುತ್ತದೆ. 10 ಅಡಿಗೆ 10 ಅಡಿ ಕೋಣೆಯಾದರೆ ಒಟ್ಟು 2,800 ಕಿಲೋ. ಬ್ರಷ್ಷಿನಲ್ಲಿ ಬಳಿದ ಒಂದು ಪದರ ಅದನ್ನು ಎಷ್ಟು ದಿನ ತಡೆದೀತು?

ನಮ್ಮ ಕಡೆಯ ಮಣ್ಣಿನದೂ ಒಂದು ಪಾಲಿದೆ. ಮೇಲೆ ತೂತು ತೂತಿನ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಮಳೆ ನೀರು ಜಂಬಿಟ್ಟಿಗೆಯಲ್ಲಿ ಸರಸರ ಇಳಿಯುತ್ತದೆ. ಶೇಡಿಗೆ ತಲುಪಿದಾಗ ಅಷ್ಟು ಬೇಗ ಇಳಿಯಲಾಗದೆ ಅಡ್ಡಡ್ಡ ಹರಿಯುತ್ತದೆ. ನಾವು ಗುಡ್ಡ ಕಡಿದು ಮನೆ ಜಾಗ ಸಮ ಮಾಡುವಾಗ ಸರಿಯಾಗಿ ಆ ದಾರಿಯನ್ನೇ ಕಡಿದಿರುತ್ತೇವೆ. ಹಳೆಯ ಕಾಲದವರು ಮನೆಯ ಪಂಚಾಂಗವನ್ನು (ಗೋಡೆ ಏಳುವ ಅಡಿಪಾಯದ ಕಟ್ಟೆಯನ್ನು) ಎದೆಮಟ್ಟ ಎತ್ತರಿಸುತ್ತಿದ್ದದ್ದು ಸುಮ್ನೆ ಅಲ್ಲ. ಈಗ ಜೆಸಿಬಿ ಬಂದಮೇಲೆ ಪಂಚಾಂಗ ಎತ್ತರಿಸುವ ಬದಲು ಗುಡ್ಡವನ್ನೇ ತಗ್ಗಿಸುತ್ತೇವೆ.

ಮೊದಲ ಕೆಲಸ: ಮಾಡಿನ ನೀರು

ಇದಕ್ಕೆ ಖರ್ಚು ಕಡಿಮೆ, ಫಲ ಜಾಸ್ತಿ. ಆದರೂ ಹೆಚ್ಚಿನವರು ಇದನ್ನು ಬಿಟ್ಟು ನೇರ ನೆಲ ಒಡೆಯಲು ಹೋಗುತ್ತಾರೆ.

1 ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರ ಅಡಿ ಮಾಡು ಎಂದರೆ ಸುಮಾರು 93 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ 9,300 ಲೀಟರ್. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಸುತ್ತಮುತ್ತ 100 ಮಿಲಿಮೀಟರ್ ಎಂದರೆ ಜುಲೈ ತಿಂಗಳ ಒಂದು ಮಾಮೂಲಿ ದಿನ. ಅಷ್ಟೂ ನೀರು ನಾಲ್ಕು ಸೂರಿನಿಂದ ಗೋಡೆಯ ಬುಡಕ್ಕೇ ಬೀಳುತ್ತಿದೆ ಎಂದು ಲೆಕ್ಕ ಹಾಕಿ.

ಸೂರಿಗೆ ದಂಬೆ, ಅಂದರೆ ಮಾಡಿನ ನೀರು ಹಿಡಿದು ಸಾಗಿಸುವ ದೋಣಿ, ಕಟ್ಟಿಸಿ. ಹಿಂದೆ ಅಡಿಕೆ ಮರ ಸೀಳಿ ಕಟ್ಟುತ್ತಿದ್ದರು, ಈಗ ಪಿವಿಸಿ ಅಥವಾ ತಗಡಿನದು ಸಿಗುತ್ತದೆ. ಎಲ್ಲ ಕಡೆಗೂ ಕಟ್ಟಿಸಲು ದುಡ್ಡು ಸಾಲದಿದ್ದರೆ ಧರೆ ಇರುವ ಹಿಂಬದಿಗಾದರೂ ಮೊದಲು ಕಟ್ಟಿಸಿ. ದಂಬೆಯಿಂದ ಇಳಿಯುವ ಪೈಪನ್ನು ಗೋಡೆ ಬುಡದಲ್ಲಿ ಬಿಟ್ಟರೆ ಕೆಲಸ ಕೆಟ್ಟಿತು. ಅದನ್ನು ಮನೆಯಿಂದ ಕೆಳಗಿನ ಇಳಿಜಾರಿನವರೆಗೆ ಒಯ್ಯಬೇಕು.

ಆಮೇಲೆ ಗೋಡೆಯ ಸುತ್ತಲಿನ ನೆಲ. ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರು ಹೊರಮುಖವಾಗಿ ಇರಬೇಕು. ಅಷ್ಟು ಜಾಗ ಇಲ್ಲದವರು ಗೋಡೆಯಿಂದ 3 ಅಡಿ ಅಗಲಕ್ಕೆ ಕಾಂಕ್ರೀಟ್ ಹಾಕಿ, ಅದರ ತುದಿಗೆ ತೆರೆದ ಚರಂಡಿ ಮಾಡಿ. ಗೋಡೆಗೂ ಆ ಕಾಂಕ್ರೀಟಿಗೂ ನಡುವಿನ ಸಂದಿಯನ್ನು ಮುಚ್ಚಿಸಲು ಮರೆಯಬೇಡಿ, ನೀರು ಇಳಿಯುವುದು ಅಲ್ಲೇ. ಗೋಡೆಗೆ ಒರಗಿಸಿ ಮಾಡಿದ ಹೂವಿನ ಮಡಿ, ರಾಶಿ ಹಾಕಿದ ಮಣ್ಣು ಇದ್ದರೆ ತೆಗೆಸಿ. ಅಮ್ಮನ ದಾಸವಾಳದ ಮಡಿಯನ್ನು ನಾಲ್ಕು ಅಡಿ ಸರಿಸಲು ನಮ್ಮ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಬೇಕಾದ್ದೇ ಆಗಿತ್ತು.

ಮೇಲ್ಮೈ ನೀರಿನ ತೊಂದರೆ ಮಾತ್ರ ಇದ್ದವರಿಗೆ ಇಷ್ಟರಲ್ಲೇ ಸರಿಹೋಗುತ್ತದೆ. ಒಂದು ಮಳೆಗಾಲ ನೋಡಿ. ಆಮೇಲೂ ಒಸರು ನಿಲ್ಲದಿದ್ದರೆ ಮಾತ್ರ ಮುಂದಿನದು.

ಎರಡನೆಯದು: ಬಸಿಗಾಲುವೆ

ಇದನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿಸಿ. ಮಣ್ಣು ಒಣಗಿರುತ್ತದೆ, ಕುಸಿಯುವ ಭಯ ಕಡಿಮೆ.

ತೋಟದ ಕಾಲುವೆ ತೆರೆದಿರುತ್ತದೆ, ಮನೆಯದಕ್ಕೆ ಜಲ್ಲಿ ತುಂಬಿ ಮುಚ್ಚಬೇಕು. ಉಳಿದ ನಿಯಮ ಎಲ್ಲ ಒಂದೇ. ಅಡಿಕೆಗೆ ಕಾಲುವೆ ಬೇರಿಗಿಂತ ಆಳಕ್ಕೆ ಹೋಗಬೇಕು, ಮನೆಗೆ ನೆಲಕ್ಕಿಂತ ಆಳಕ್ಕೆ ಹೋಗಬೇಕು. ಕಾಲುವೆಯ ತಳ ಮನೆಯೊಳಗಿನ ನೆಲಕ್ಕಿಂತ ಕನಿಷ್ಠ ಒಂದೂವರೆ ಅಡಿ ಕೆಳಗೆ ಬರಲಿ. ಹಿತ್ತಿಲಿನ ಮಟ್ಟದಿಂದ ಅಳೆದರೆ ಮೋಸ ಹೋಗುತ್ತೀರಿ, ಯಾಕೆಂದರೆ ಹಿತ್ತಿಲು ಎಷ್ಟೋ ಕಡೆ ಒಳಗಿನ ನೆಲಕ್ಕಿಂತ ಎತ್ತರ ಇರುತ್ತದೆ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪಾರದರ್ಶಕ ಪೈಪನ್ನು ಹಿಂಬಾಗಿಲಿನಿಂದ ಹೊರಗೆ ಎಳೆದು, ಒಳನೆಲದ ಮಟ್ಟವನ್ನು ಹೊರಗೋಡೆಗೆ ಗುರುತು ಮಾಡಿ. ಆ ಗುರುತಿನಿಂದ ಕೆಳಕ್ಕೆ ಅಳೆಯಿರಿ.

ಅಗೆಯಲು ಶುರು ಮಾಡುವ ಮೊದಲು ಕಾಲುವೆಯ ನೀರು ಎಲ್ಲಿ ಹೊರಗೆ ಬೀಳುತ್ತದೆ ಎಂದು ನಿಂತು ನೋಡಿ. ತಳದಿಂದ ನೀರು ತಾನಾಗಿ ಹರಿದು ಹೋಗುವ ತಗ್ಗು ಜಾಗ ಸಿಗಬೇಕು. ಅಂಥ ಜಾಗ ಇಲ್ಲದಿದ್ದರೆ ನೀವು ತೆಗೆಯುವುದು ಕಾಲುವೆಯಲ್ಲ, ಮನೆಯ ಹಿಂದೆ ಒಂದು ಉದ್ದದ ಬಾವಿ. ಆಗ ಮೂಲೆಯಲ್ಲಿ ಗುಂಡಿ ಮಾಡಿ, ನೀರು ತುಂಬಿದಾಗ ತಾನೇ ಚಾಲೂ ಆಗುವ ಸಣ್ಣ ಪಂಪು ಇಡಬೇಕಾಗುತ್ತದೆ. ಜೋರು ಗಾಳಿ ಮಳೆಗೆ ನಮ್ಮಲ್ಲಿ ಮೊದಲು ಹೋಗುವುದೇ ಕರೆಂಟು. ಹಾಗಾಗಿ ಪಂಪಿನ ದಾರಿ ನನಗೆ ಅಷ್ಟು ಇಷ್ಟವಿಲ್ಲ.

ಜಾಗದ ಆಯ್ಕೆಯಲ್ಲಿ ಹುಷಾರು. ಗೋಡೆಯಿಂದ ಕನಿಷ್ಠ 3 ಅಡಿ ದೂರ ಇರಲಿ. ಅಡಿಪಾಯದ ಕಲ್ಲಿನ ತಳಕ್ಕಿಂತ ಕೆಳಗೆ ಅಗೆಯಬೇಡಿ. ಹಳೆಯ ಮಣ್ಣಿನ ಗೋಡೆಯ ಮನೆಯಾದರೆ ಉದ್ದಕ್ಕೂ ಒಟ್ಟಿಗೆ ಬಾಯಿ ಬಿಡಿಸಬೇಡಿ, 10 ಅಡಿ ಅಗೆದು, ತುಂಬಿ, ಮುಂದಿನ 10 ಅಡಿಗೆ ಹೋಗಿ. ಧರೆಯ ಬುಡವನ್ನಂತೂ ಕೆದಕಲೇಬಾರದು. ನಮ್ಮಲ್ಲಿ ಗೋಡೆಗೂ ಧರೆಗೂ ನಡುವೆ 8 ಅಡಿ ಇತ್ತು. ಗೋಡೆಯಿಂದ 3 ಅಡಿ ಬಿಟ್ಟು ಒಂದೂವರೆ ಅಡಿ ಅಗಲದ ಕಾಲುವೆ ತೆಗೆದೆವು. ಧರೆಯ ಕಡೆ ಮೂರೂವರೆ ಅಡಿ ಉಳಿಯಿತು. ನಿಮ್ಮಲ್ಲಿ ಅಷ್ಟು ಜಾಗ ಇಲ್ಲದಿದ್ದರೆ, ಅಥವಾ ಧರೆ ಇನ್ನೂ ಎತ್ತರ ಇದ್ದರೆ, ಸಿವಿಲ್ ಇಂಜಿನಿಯರ್ ಒಬ್ಬರನ್ನು ಕರೆದು ತೋರಿಸಿದ ಮೇಲೆಯೇ ಗುದ್ದಲಿ ಹಾಕಿ.

ತಳದ ಇಳಿಜಾರು 10 ಅಡಿಗೆ ಒಂದೂಕಾಲು ಇಂಚು ಇರಲಿ. 40 ಅಡಿ ಉದ್ದಕ್ಕೆ ಈ ಕಡೆಯಿಂದ ಆ ಕಡೆಗೆ 5 ಇಂಚು. ತೆಗೆದ ಕಾಲುವೆಗೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ತೊಟ್ಟಿಲಿಗೆ ಹಾಸಿದ ಹಾಗೆ ಹಾಸಿ, ಎರಡೂ ಅಂಚು ಮೇಲೆ ಬಂದು ಹೊರಗೆ ಮಡಚುವಷ್ಟು ಉದ್ದ ಬಿಡಿ. ಈ ಬಟ್ಟೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. "ಇದಕ್ಕೆಲ್ಲ ಯಾಕೆ ದುಡ್ಡು" ಎಂದು ಟಾರ್ಪಾಲ್ ಹಾಸಿದರೆ ನೀರು ಒಳಗೇ ಬರುವುದಿಲ್ಲ, ಗೋಣಿ ಹಾಸಿದರೆ ಎರಡು ವರ್ಷದಲ್ಲಿ ಕೊಳೆತು ಜಲ್ಲಿಯೆಲ್ಲ ಕೆಸರಾಗುತ್ತದೆ.

ಬಟ್ಟೆಯ ಮೇಲೆ 3 ಇಂಚು ಜಲ್ಲಿ. 20 ಎಂಎಂ ಸೈಜಿನದು, ಪುಡಿ ಇಲ್ಲದ್ದು. ಅದರ ಮೇಲೆ 4 ಇಂಚಿನ ತೂತಿನ ಪಿವಿಸಿ ಪೈಪು. ತೂತು ಕೆಳಮುಖವಾಗಿ ಇರಬೇಕು. ನಮ್ಮ ಕೆಲಸದವರು ಮೊದಲು ಮೇಲ್ಮುಖ ಮಾಡಿ ಇಟ್ಟಿದ್ದರು. ನೀರು ಮೇಲಿಂದ ತಾನೇ ಬೀಳುವುದು ಎಂದು ಅವರ ವಾದ. ಕಾಲುವೆಯಲ್ಲಿ ನೀರು ತಳದಿಂದ ಏರುತ್ತದೆ. ತೂತು ಕೆಳಗಿದ್ದರೆ ಸ್ವಲ್ಪ ಏರಿದ ಕೂಡಲೇ ಪೈಪಿಗೆ ಹೊಕ್ಕು ಹೊರಟುಹೋಗುತ್ತದೆ. ಮೇಲಿದ್ದರೆ ಪೈಪು ಮುಳುಗುವವರೆಗೂ ಅಲ್ಲೇ ನಿಂತಿರುತ್ತದೆ. ಪೈಪಿನ ಎತ್ತರದ ತುದಿಗೆ ಒಂದು ಬೆಂಡ್ ಹಾಕಿ ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿ, ಮುಂದೆ ತೊಳೆಯಲು ಬೇಕು.

ಮತ್ತೆ ಜಲ್ಲಿ ತುಂಬಿ, ಮೇಲಿಂದ ಅರ್ಧ ಅಡಿ ಇರುವಾಗ ನಿಲ್ಲಿಸಿ. ಬಟ್ಟೆಯ ಎರಡೂ ಅಂಚನ್ನು ಮೇಲೆ ಮಡಚಿ, ಮಣ್ಣು ಹಾಕಿ ದಮ್ಮಸು ಮಾಡಿ. 38 ಅಡಿ ಉದ್ದದ ನಮ್ಮ ಕಾಲುವೆಗೆ ಸುಮಾರು ಒಂದೂವರೆ ಯೂನಿಟ್ (150 ಘನ ಅಡಿ) ಜಲ್ಲಿ, 20 ಅಡಿಯ ಎರಡು ಪೈಪು ಹಿಡಿಯಿತು. ಮಾಡಿನ ನೀರಿನ ಪೈಪನ್ನು ಮಾತ್ರ ಇದಕ್ಕೆ ಜೋಡಿಸಬೇಡಿ. ಅದರ ರಭಸಕ್ಕೆ ಈ ಕಾಲುವೆಯೇ ತುಂಬಿ ನೀರನ್ನು ವಾಪಸ್ ಮನೆ ಕಡೆಗೆ ಕೊಡುತ್ತದೆ.

ಇಲ್ಲಿ ನಾನೇ ಮಾಡಿದ ಒಂದು ಮಂಗಾಟವನ್ನೂ ಹೇಳಬೇಕು. ಬಾವಿಯ ನೀರು ಹೆಚ್ಚಲಿ ಎಂದು ಒಂದು ವರ್ಷ ಮನೆಯ ಮೇಲ್ಗಡೆ ಗುಡ್ಡದಲ್ಲಿ ಮೂರು ಇಂಗುಗುಂಡಿ ತೆಗೆಸಿದ್ದೆ. ಗುಂಡಿ ಚೆನ್ನಾಗಿಯೇ ಇಂಗಿಸಿದವು. ಬಾವಿಯೂ ತುಂಬಿತು, ದೇವರ ಕೋಣೆಯೂ ತುಂಬಿತು. ಮರುವರ್ಷ ಮೂರನ್ನೂ ಮುಚ್ಚಿ, ಮನೆಯ ಕೆಳಗಿನ ಇಳಿಜಾರಿನಲ್ಲಿ ಹೊಸದು ತೆಗೆಸಿದೆ. ಧರೆಯ ಮೇಲ್ಗಡೆ ಬೇಕಾಗಿರುವುದು ಗುಡ್ಡದ ನೀರನ್ನು ಬದಿಗೆ ಸಾಗಿಸುವ ಅಗಳು. ಅದರಲ್ಲಿ ನೀರು ನಿಲ್ಲಬಾರದು, ಹರಿಯಬೇಕು.

ಧರೆಯಲ್ಲಿ ಹೊಸ ಬಿರುಕು ಕಂಡರೆ, ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪು ಕೆಸರಾದರೆ, ಮೇಲಿನ ಮರಗಳು ವಾಲಿದರೆ ನೆಲದ ಚಿಂತೆ ಬಿಟ್ಟು ಮನೆಯಿಂದ ಹೊರಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ಮನೆಗಳೇ ಕೊಚ್ಚಿಹೋದವು. ಪಂಚಾಯಿತಿಗೆ ತಿಳಿಸುವುದು, ಸಾಮಾನು ತರುವುದು ಎಲ್ಲ ಹೊರಗೆ ಬಂದಮೇಲಿನ ಮಾತು.

ಇನ್ನು ಒಳಗೆ

ಹೊರಗಿನದು ಮುಗಿದ ಮೇಲೂ ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಸ್ವಲ್ಪ ಪಸೆ ಉಳಿಯಬಹುದು. ಆ ಮೂಲೆಗುಂಟ 1 ಇಂಚು ಅಗಲ, 1 ಇಂಚು ಆಳಕ್ಕೆ ಗಾಡಿ (ಉದ್ದದ ಸಣ್ಣ ತೋಡು) ಹೊಡೆಸಿ, ಪುಡಿಯನ್ನೆಲ್ಲ ಬ್ರಷ್ಷಿನಿಂದ ತೆಗೆದು, ನೀರು ಹಾಕಿ ತೊಳೆಯಿರಿ. ನೀರು ಬರುತ್ತಿರುವಾಗಲೇ ಗಟ್ಟಿಯಾಗುವ ಸಿಮೆಂಟು ಅಂಗಡಿಯಲ್ಲಿ ಸಿಗುತ್ತದೆ, ವಾಟರ್ ಪ್ಲಗ್ ಎಂದರೆ ಕೊಡುತ್ತಾರೆ. ಮೂರರಿಂದ ಐದು ನಿಮಿಷದಲ್ಲಿ ಕಲ್ಲಾಗುತ್ತದೆ, ಆದ್ದರಿಂದ ಒಂದು ಮುಷ್ಟಿಯಷ್ಟನ್ನೇ ಕಲಸಿ, ಉಂಡೆ ಮಾಡಿ ಒತ್ತಿ ಹಿಡಿಯಿರಿ. ಕೈಗವಸು ಇರಲಿ. ಮೇಲಿಂದ ಕ್ರಿಸ್ಟಲೈನ್ ಸ್ಲರಿ ಎರಡು ಕೈ ಬಳಿಸಿ. ಇದು ಕಾಂಕ್ರೀಟಿನ ಸಣ್ಣ ರಂಧ್ರಗಳ ಒಳಗೆ ಹೋಗಿ ಹರಳುಗಟ್ಟುತ್ತದೆ, ಪೇಂಟಿನ ಹಾಗೆ ಸಿಪ್ಪೆ ಏಳುವುದಿಲ್ಲ. ಒದ್ದೆ ಮಾಡಿದ ಬರಿ ಕಾಂಕ್ರೀಟಿನ ಮೇಲೆಯೇ ಬಳಿಯಬೇಕು. ಟೈಲ್ಸಿನ ಮೇಲೆ ಬಳಿದರೆ ದುಡ್ಡು ದಂಡ.

ಮಣ್ಣಿನ ಗೋಡೆಗೆ ಒಳಗಿಂದ ಸಿಮೆಂಟ್ ಗಿಲಾವು ಹಾಕಿ ಮುಚ್ಚುವ ಆಸೆ ಬೇಡ. ಪಸೆ ಹೊರಗೆ ಬರಲಾಗದೆ ಗೋಡೆಯೊಳಗೇ ಮೇಲೇರುತ್ತದೆ, ಹಿಂದೆಯೇ ಒರಲೆ (ಗೆದ್ದಲು) ಬರುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ.

ನೆಲವನ್ನೇ ಕಿತ್ತು ಹೊಸದು ಮಾಡುವವರಿದ್ದರೆ ಅದನ್ನೂ ಬೇಸಿಗೆಯಲ್ಲೇ ಮಾಡಿ. ಮಣ್ಣನ್ನು ದಮ್ಮಸು ಮಾಡಿ 6 ಇಂಚು ದಪ್ಪ ಜಲ್ಲಿ ಹಾಕಿಸಿ. 40 ಎಂಎಂನದು, ಪುಡಿ ಇಲ್ಲದ್ದು. ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣು ನೀರನ್ನು ಮೇಲಕ್ಕೆ ಹೀರುತ್ತದೆ. ದೊಡ್ಡ ಜಲ್ಲಿಯ ನಡುವಿನ ಖಾಲಿ ಜಾಗ ಆ ಬತ್ತಿಯನ್ನು ಕಡಿಯುತ್ತದೆ. ಅದರ ಮೇಲೆ ತೆಳುವಾಗಿ ಮರಳು, ಮರಳಿನ ಮೇಲೆ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ. ಅಂಗಡಿಯಲ್ಲಿ 1,000 ಗೇಜ್ ಎಂದು ಕೇಳಿ. ಹಾಳೆಗಳು ಒಂದರ ಮೇಲೊಂದು 1 ಅಡಿ ಬರಲಿ, ಸೇರುವಲ್ಲಿ ಟೇಪು ಹಾಕಿ, ಗೋಡೆಯ ಹತ್ತಿರ ನೆಲದ ಮಟ್ಟದವರೆಗೆ ಮೇಲಕ್ಕೆ ಮಡಚಿ. ಆಮೇಲೆ 1:2:4 ಅಳತೆಯ ಕಾಂಕ್ರೀಟು 4 ಇಂಚು, 7 ದಿನ ನೀರುಣಿಸಿ. ಕಾಂಕ್ರೀಟು ಸುರಿಯುವ ದಿನ ನೀವೇ ಎದುರು ನಿಲ್ಲಿ. ಹಾಳೆಯ ಮೇಲೆ ಬಾಂಡ್ಲಿ ಹೊತ್ತು ಓಡಾಡುವವರ ಕಾಲಿಗೆ, ಗುದ್ದಲಿಯ ಮೂಲೆಗೆ ಸಿಕ್ಕಿ ಅದು ಹರಿಯುತ್ತದೆ. ನಮ್ಮಲ್ಲಿ ಒಂದೇ ಕೋಣೆಯಲ್ಲಿ ಏಳು ತೂತು ಸಿಕ್ಕಿತ್ತು, ಎಲ್ಲಕ್ಕೂ ತೇಪೆ ಹಚ್ಚಿದ ಮೇಲೆ ಸುರಿಯಲು ಬಿಟ್ಟೆ.

ಬಸಿಗಾಲುವೆಗೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಒಂದು ಗಂಟೆಯ ಕೆಲಸ ಇದೆ. ಮೇಲಿನ ಮುಚ್ಚಳ ತೆಗೆದು ಪೈಪಿಗೆ ಮೋಟರಿನ ನೀರು ಬಿಡಿ. ಕೆಳಗಿನ ಬಾಯಲ್ಲಿ ಅಷ್ಟೇ ಜೋರಾಗಿ ಬಂದರೆ ಸರಿ. ಆ ಬಾಯಿಗೆ ತಂತಿಬಲೆ ಕಟ್ಟಿರಬೇಕು. ನಮ್ಮದರಲ್ಲಿ ಬಲೆ ಸಡಿಲವಾಗಿದ್ದ ವರ್ಷ ನೀರು ಬಿಟ್ಟಾಗ ಮೊದಲು ಒಂದು ಹಿಡಿ ತರಗೆಲೆ ಬಂತು, ಹಿಂದೆಯೇ ಎರಡು ಏಡಿ ಬಂದವು, ಆಮೇಲೆ ಕೆಂಪು ನೀರು, ಅದು ತಿಳಿಯಾಗಲು ಹತ್ತು ನಿಮಿಷ ಹಿಡಿಯಿತು.